ಕುಮಟಗಿ ಗೋಡೆ ಮೇಲೆ ನನ್ನದೂ ಒಂದು ಅಕ್ಷರ

ಸಿಂದಗಿಯಿಂದ ವಿಜಯಪುರಕ್ಕೆ ಬಸ್ಸಿನಲ್ಲಿ ಹೋಗೋ ನಮಗೆಲ್ಲ ಕುಮಟಗಿ ಅಂದ್ರೆ ಇಳಿಯದೇ ದಾಟೋ ಊರು. ವಿಜಯಪುರ ಇನ್ನು ಹದಿನೈದು ಕಿಲೋಮೀಟರ್ ಚಿಲ್ಲರೆ ಇದೆ ಅನ್ನುವಾಗ ಸಿಗುತ್ತೆ. ನಾನು ಅಲ್ಲಿ ಮೊದಲ ಸಲ ಇಳಿದದ್ದು ಏಳನೇ ಕ್ಲಾಸಿನ ಟ್ರಿಪ್ಪಿನಲ್ಲಿ.

ಅದು ಆದಿಲ್‌ಶಾಹಿ ಅರಸರು ವಿಹಾರಕ್ಕೆ ಕಟ್ಟಿಸಿಕೊಂಡ ಜಾಗ. ನೀರನ್ನು ಎತ್ತರದ ಗೋಪುರಕ್ಕೆ ಏರಿಸಿ, ಅಲ್ಲಿಂದ ಕೊಳವೆಗಳಲ್ಲಿ ಮಂಟಪಕ್ಕೆ ಬಿಟ್ಟು ಕಾರಂಜಿಯ ಹಾಗೆ ಚಿಮ್ಮಿಸುತ್ತಿದ್ದರು. ಪಂಪಿಲ್ಲ, ಕರೆಂಟಿಲ್ಲ, ಬರೀ ಎತ್ತರದ ಲೆಕ್ಕ! ಇಂಜಿನಿಯರಿಂಗ್ ಓದುವಾಗ ಇದು ಎಷ್ಟೋ ಸಲ ನೆನಪಾಗಿದೆ.

ಆದರೆ ನಾನು ಹೇಳಹೊರಟಿದ್ದು ಒಳಗಿನ ಗೋಡೆಚಿತ್ರಗಳ ಬಗ್ಗೆ. ಕುಸ್ತಿ ಹಿಡಿಯುವ ಜಟ್ಟಿಗಳು, ವಾದ್ಯ ನುಡಿಸುವವರು, ಕುದುರೆ ಏರಿ ಚೌಗಾನ್ ಅಂದರೆ ಪೋಲೋ ಆಡುವವರು, ಯುರೋಪಿನ ಉಡುಪು ತೊಟ್ಟವರು.. ಹೆನ್ರಿ ಕಸಿನ್ಸ್ 1916ರಲ್ಲಿ ಪ್ರಕಟವಾದ ತನ್ನ ಬಿಜಾಪುರದ ಪುಸ್ತಕದಲ್ಲಿ ಇವನ್ನು ವಿವರಿಸಿದ್ದಾನೆ. ಆದಿಲ್‌ಶಾಹಿ ರಾಜ್ಯ 1686ರಲ್ಲಿ ಮೊಘಲರ ಪಾಲಾಯಿತು. ಚಿತ್ರಗಳು ಅದಾದ ಮೇಲೂ ಉಳಿದವು. ಬಿಡಿಸಿದವರ ಹೆಸರು ಮಾತ್ರ ನಮಗೆ ಗೊತ್ತಿಲ್ಲ.

ಗೊತ್ತಿರೋದು ನಮ್ಮಂಥವರ ಹೆಸರು. ಗೋಡೆ ತುಂಬ ಗೀಚಿದ ಹೆಸರು, ಬಾಣ ಚುಚ್ಚಿದ ಹಾರ್ಟು. ಆವತ್ತು ನಾನೂ ಕಲ್ಲಿನ ಚೂರು ತಗೊಂಡು ನನ್ನ ಹೆಸರಿನ ಮೊದಲ ಅಕ್ಷರ ಕೆತ್ತಿದೆ. "ತಡಿಯಲೇ, ನಂದೂ ಬರೀತೀನಿ" ಅಂತ ಪಕ್ಕದವನು ಕಲ್ಲು ಕಸಿದುಕೊಂಡ. ನಮಗೆ ಅದು ಹಳೇ ಗೋಡೆ, ಅಷ್ಟೇ.

ಬೆಂಗಳೂರಿಗೆ ಬಂದ ಮೇಲೆ ಇದು ಕಾಡತೊಡಗಿತು. 2009ರಲ್ಲಿ ಆಗಿನ ಬಿಬಿಎಂಪಿ ಇಲ್ಲಿನ ರಸ್ತೆಬದಿ ಗೋಡೆಗಳ ಮೇಲೆ ಕರ್ನಾಟಕದ ಚಿತ್ರಗಳನ್ನು ಬರೆಸಿತ್ತು. ಬರೆದವರಲ್ಲಿ ಸಿನಿಮಾ ಬೋರ್ಡಿನ ಕಲಾವಿದರಿದ್ದರು, ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡವರು. ಗೋಡೆಗೆ ಪೋಸ್ಟರ್ ಅಂಟಿಸಬಾರದು, ಗಲೀಜು ಮಾಡಬಾರದು ಅನ್ನೋದೂ ಒಂದು ಉದ್ದೇಶ. ಚಿತ್ರವಿದ್ದರೆ ಜನ ಗೋಡೆಗೆ ಮರ್ಯಾದೆ ಕೊಡ್ತಾರೆ ಅನ್ನೋ ನಂಬಿಕೆ. ಕುಮಟಗಿಯಲ್ಲಿ ಚಿತ್ರ ಇದ್ದೂ ನಾವು ಕೊಡಲಿಲ್ಲ!

ಬೆಂಗಳೂರಿನ ಗೋಡೆ ಮಾಸಿದರೆ ಮತ್ತೆ ಬಣ್ಣ ಹೊಡೆಯಬಹುದು. ಕುಮಟಗಿಯದ್ದು ಹೋದರೆ ಹೋಯಿತು. ಅದು ಸಂರಕ್ಷಿತ ಸ್ಮಾರಕ ನಿಜ, ಆದರೆ ಬೋರ್ಡು ಹಾಕಿದ ಮಾತ್ರಕ್ಕೆ ಹುಡುಗರ ಕೈಯಲ್ಲಿನ ಕಲ್ಲು ಕೆಳಗೆ ಬೀಳಲ್ಲ. ಇದು ನಮ್ಮದು ಅಂತ ಯಾರಾದರೂ ಮೊದಲೇ ಹೇಳಿರಬೇಕು. ನಮಗೆ ಯಾರೂ ಹೇಳಿರಲಿಲ್ಲ.

ಇಂಡಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಗೆಳೆಯರೇ, ನಿಮ್ಮ ದಾರಿ ಬೇರೆ ಇರಬಹುದು. ಆದರೂ ಗೋಳಗುಮ್ಮಟ ನೋಡಲು ಬಂದಾಗ ಅರ್ಧ ದಿನ ಕುಮಟಗಿಗೆ ಇಡಿ. ಮಕ್ಕಳನ್ನೂ ಕರ್ಕೊಂಡು ಬನ್ನಿ. ಒಳಗೆ ಹೋಗೋ ಮುಂಚೆ ಆ ಜಟ್ಟಿಗಳ ಕಥೆ ಹೇಳಿ.

ಗೋಡೆ ಮಾತ್ರ ಮುಟ್ಟಬ್ಯಾಡ್ರಿ.