ಎಪ್ಪತ್ತೊಂದು ನಿಮಿಷದ ಆಲ್ಬಮ್, ಅರವತ್ತು ನಿಮಿಷದ ಕ್ಯಾಸೆಟ್

ಇವತ್ತು ರಾಜರು, ಶಾಸನ ಏನೂ ಇಲ್ಲ. ಕ್ಯಾಸೆಟ್ಟಿನ ಇತಿಹಾಸ ಮಾತಾಡೋಣ.

2013. ಕಾಶಿಯಲ್ಲಿ, ಐಐಟಿ ಬಿಎಚ್‌ಯುನಲ್ಲಿ ನಾನು ಎಂಟೆಕ್ ಮಾಡ್ತಿದ್ದೆ. ನಮ್ಮ ಹಾಸ್ಟೆಲ್ ಮಹಡಿಯಲ್ಲಿ ಕನ್ನಡದವರು ಇಬ್ಬರೇ. ಇನ್ನೊಬ್ಬರು ಪಿಎಚ್‌ಡಿ ಮಾಡುತ್ತಿದ್ದ ಧಾರವಾಡದ ಅಣ್ಣ. ಇಬ್ಬರಿಗೂ ಐರನ್ ಮೇಡನ್ ಹುಚ್ಚು. ಆದರೂ ಲಂಕಾ ಗೇಟಿನ ಹತ್ತಿರ ಚಹಾಕ್ಕೆ ಕೂತರೆ ಜಗಳ ಗ್ಯಾರಂಟಿ.

"ಎಂಬತ್ತೆಂಟಕ್ಕ ಅವರದು ಮುಗೀತು ತಮ್ಮಾ," ಅನ್ನೋರು. ಅಂದರೆ 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್' ಆದಮೇಲೆ ಎಲ್ಲ ಕಸ. ಅದರಲ್ಲೂ ಬ್ರೂಸ್ ಡಿಕಿನ್ಸನ್ 1993ರಲ್ಲಿ ಬಿಟ್ಟು ಹೋಗಿ ಬ್ಲೇಜ್ ಬೇಲಿ ಹಾಡಿದ 'ದಿ ಎಕ್ಸ್ ಫ್ಯಾಕ್ಟರ್' ಅಂದ್ರೆ ಅವರಿಗೆ ಆಗಿಬರ್ತಿರಲಿಲ್ಲ. "ಅದಕ್ಕ ಕೊನೀನ ಇಲ್ಲಪಾ, ನಡುವ ನಿಂತುಬಿಡ್ತೈತಿ."

ನನಗೆ ಸಿಟ್ಟು ಬರೋದಕ್ಕೆ ಬೇರೆ ಕಾರಣ ಇತ್ತು. 2007ರ ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನ, ಭಾರತದಲ್ಲಿ ಮೇಡನ್‌ನ ಮೊದಲ ಶೋ. ಪರೀಕ್ಷೆ ಕಾಲ, ಮನೆಯಲ್ಲಿ ಕಂಬೈನ್ಡ್ ಸ್ಟಡಿ ಅಂತ ಸುಳ್ಳು ಹೇಳಿ ಹೋಗಿದ್ದೆ. ಅವರು 2006ರ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಹಾಡುಗಳನ್ನೂ ನುಡಿಸಿದರು. ಹದಿನೇಳು ವರ್ಷದವನಿಗೆ ಅದೇ ಮೇಡನ್. ಅದನ್ನೂ ಕಸ ಅಂದ್ರೆ ಹೇಗೆ ಸುಮ್ಮನಿರೋದು?

ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ಪಟ್ಟಿ ಹಾಕಿದೆ. 'ದಿ ನಂಬರ್ ಆಫ್ ದಿ ಬೀಸ್ಟ್', 1982, ಸುಮಾರು 40 ನಿಮಿಷ. 'ಪವರ್‌ಸ್ಲೇವ್', 1984, 51. 'ಸೆವೆಂತ್ ಸನ್', 44. ಎಲ್‌ಪಿಯ ಒಂದು ಬದಿಗೆ ಇಪ್ಪತ್ತು ಇಪ್ಪತ್ತೈದು ನಿಮಿಷ ದಾಟಿದರೆ ಗೆರೆಗಳು ಒತ್ತಾಗಿ ಸದ್ದು ಸೊರಗುತ್ತೆ. ಹಾಗಾಗಿ ಬೇಡದ್ದನ್ನು ಕತ್ತರಿಸಲೇಬೇಕಿತ್ತು. ಸಿಡಿ ಬಂತು, ಎಪ್ಪತ್ತಕ್ಕೂ ಹೆಚ್ಚು ನಿಮಿಷ ಜಾಗ ಸಿಕ್ಕಿತು, ಕತ್ತರಿ ಮೂಲೆ ಸೇರಿತು. 'ಎಕ್ಸ್ ಫ್ಯಾಕ್ಟರ್', 1995, 71. 'ಬ್ರೇವ್ ನ್ಯೂ ವರ್ಲ್ಡ್', 2000, 67. ನನ್ನ ಪ್ರೀತಿಯ 2006ರದ್ದು, 72. ಅಣ್ಣ ಹೇಳೋದು ಪೂರ್ತಿ ಸುಳ್ಳಲ್ಲ, ಎಳೆದಿದ್ದಾರೆ. (ಹಾಗಂತ ಹಳೇದೆಲ್ಲ ಚಿನ್ನವೂ ಅಲ್ಲ. 'ಬೀಸ್ಟ್'ನಲ್ಲಿರೋ 'ಗ್ಯಾಂಗ್‌ಲ್ಯಾಂಡ್' ಈಗಲೂ ನಾನು ಸ್ಕಿಪ್ ಮಾಡ್ತೀನಿ.)

ಪಟ್ಟಿ ನೋಡ್ತಾ ತಲೆಗೆ ಹೊಳೀತು. "ಅಣ್ಣ, ಎಕ್ಸ್ ಫ್ಯಾಕ್ಟರ್ ನೀವು ಎಲ್ಲಿ ಕೇಳಿದ್ದು?"

"ಗೆಳೆಯಾನ ಸಿಡಿಯಿಂದ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದೆ. ಸಿಕ್ಸ್ಟಿ."

ಅರವತ್ತರ ಕ್ಯಾಸೆಟ್ಟು ಅಂದ್ರೆ ಬದಿಗೆ ಮೂವತ್ತು ನಿಮಿಷ. ಲೆಕ್ಕ ಹಾಕಿದೆ. ಮೊದಲ ನಾಲ್ಕು ಹಾಡು ಸೇರಿ 28 ನಿಮಿಷ, ಎ ಬದಿ ಭರ್ತಿ. ಮುಂದಿನ ಐದು ಹಾಡು, ಇಪ್ಪತ್ತೊಂಬತ್ತೂ ಚಿಲ್ಲರೆ, ಬಿ ಬದಿ ಭರ್ತಿ. ಇರೋದು ಹನ್ನೊಂದು ಹಾಡು. '2 ಎ.ಎಂ.' ಮತ್ತು 'ದಿ ಅನ್‌ಬಿಲೀವರ್' ಕ್ಯಾಸೆಟ್ಟಿಗೆ ಹತ್ತೇ ಇರಲಿಲ್ಲ!

ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಎಷ್ಟೋ ಜನ ಮೆಟಲ್ ಕೇಳಿದ್ದು ಹೀಗೇ, ಖಾಲಿ ಕ್ಯಾಸೆಟ್ ಎಷ್ಟು ಉದ್ದ ಇತ್ತೋ ಅಷ್ಟು. ಅಣ್ಣ ಇಷ್ಟು ವರ್ಷ ಬೈದಿದ್ದು ಬ್ಲೇಜ್ ಬೇಲಿಯನ್ನಲ್ಲ, ಟೇಪಿನ ಉದ್ದವನ್ನ.

ಅವರು ಮಾತಾಡಲಿಲ್ಲ. ಹೆಡ್‌ಫೋನ್ ಇಸ್ಕೊಂಡು, ಕಣ್ಣು ಮುಚ್ಚಿ, ಎರಡೂ ಹಾಡು ಹದಿಮೂರು ಹದಿನಾಲ್ಕು ನಿಮಿಷ ಪೂರ್ತಿ ಕೇಳಿದರು. ಆಮೇಲೆ ತೆಗೆದು ಕೈಗಿಟ್ಟರು.

"ಕೊನೀ ಐತಿ, ಖರೆ. ಆದ್ರ ಚಲೋ ಇಲ್ಲ ತಮ್ಮಾ. ನಡಿ, ಚಹಾ ಕುಡಿಯೂಣು."