ನಿಶ್ಚಲ ಹೃದಯವೂ ಒಂದು ಕವಾಟದ ಎಸಳೂ: ಹೃದಯಸ್ತಂಭನದಲ್ಲಿ ಎಕೋ ಪರೀಕ್ಷೆಯ ಚರಿತ್ರೆಗೊಂದು ತಿದ್ದುಪಡಿ

ಹೃದಯಸ್ತಂಭನಕ್ಕೊಳಗಾದ ರೋಗಿಯ ಎದೆಯ ಮೇಲೆ ಶ್ರವಣಾತೀತ ಧ್ವನಿಯ ಪ್ರೋಬನ್ನಿಟ್ಟು, ಒಳಗೆ ಹೃದಯ ಚಲಿಸುತ್ತಿದೆಯೋ ಇಲ್ಲವೋ ಎಂದು ನೋಡುವ ಪದ್ಧತಿಯ ಚರಿತ್ರೆಯನ್ನು ಹೇಳುವವರು 2001ನೆಯ ಇಸವಿಗೆ ಬಂದೊಡನೆ ಒಂದು ಸಂಖ್ಯೆಯ ಮುಂದೆ ಕೈಮುಗಿದು ನಿಂತುಬಿಡುತ್ತಾರೆ. ಆ ವರ್ಷ ಅಮೆರಿಕದಲ್ಲಿ ಬ್ಲೈವಾಸ್ ಮತ್ತು ಫಾಕ್ಸ್ ಎಂಬಿಬ್ಬರು ಪ್ರಕಟಿಸಿದ ಪ್ರಬಂಧದಲ್ಲಿ 169 ಮಂದಿ ರೋಗಿಗಳ ವೃತ್ತಾಂತವಿದೆ. ಅವರಲ್ಲಿ 136 ಮಂದಿಯ ಹೃದಯ ಎಕೋ ಪರದೆಯ ಮೇಲೆ ನಿಶ್ಚಲವಾಗಿ ಕಂಡಿತು. ಆ 136ರಲ್ಲಿ 71 ಮಂದಿಗೆ ಮಾನಿಟರಿನಲ್ಲಿ ಗುರುತಿಸಬಹುದಾದ ವಿದ್ಯುತ್ ಲಯವಿದ್ದರೂ, ಒಬ್ಬರಾದರೂ ತುರ್ತು ವಿಭಾಗದಿಂದ ಜೀವಸಹಿತ ಹೊರಗೆ ಬರಲಿಲ್ಲ. ಅಂದಿನಿಂದ, ಎಕೋದಲ್ಲಿ ಹೃದಯ ನಿಂತಿದ್ದರೆ ಅಲ್ಲಿಗೆ ಮುಗಿಯಿತು ಎಂಬ ಮಾತು ತರಗತಿಗಳಲ್ಲಿ ಸೂತ್ರಪ್ರಾಯವಾಗಿ ಪಠಿತವಾಗುತ್ತಿದೆ. ಆ ಸಂಖ್ಯೆಯನ್ನು ನಿಸರ್ಗನಿಯಮವೆಂದು ಓದಿದ್ದು ತಪ್ಪೆಂದೂ, ಆ ತಪ್ಪಿನ ಬೇರು ಇನ್ನೂ ಅರ್ಧ ಶತಮಾನ ಹಿಂದಕ್ಕೆ ಹೋಗುವುದೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಸಿಪಿಆರ್ ಎಂದರೇನು, ಎಕೋ ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನೆಲ್ಲ ವಾಚಕರು ಬಲ್ಲರೆಂದು ಭಾವಿಸಿ ಬಿಟ್ಟಿದ್ದೇನೆ.

ಹೃದಯದ ಪ್ರತಿಧ್ವನಿಯನ್ನು ಮೊದಲು ದಾಖಲಿಸಿದವರು ಸ್ವೀಡನ್ ದೇಶದ ಲುಂಡ್ ನಗರದ ಹೃದ್ರೋಗತಜ್ಞ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮತ್ ಹರ್ಟ್ಸ್. ದಿನಾಂಕ 29 ಅಕ್ಟೋಬರ್ 1953. ಬಳಸಿದ್ದು ಲೋಹದೊಳಗಿನ ಬಿರುಕನ್ನು ಪತ್ತೆಹಚ್ಚಲೆಂದು ಸೀಮೆನ್ಸ್ ಕಂಪನಿಯವರು ತಯಾರಿಸಿದ್ದ ಉಪಕರಣ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬರೆಯದೆ ದಾಟಿಹೋಗುವ ಸಂಗತಿಯೆಂದರೆ, ಆ ಪ್ರಥಮ ಚಿತ್ರಗಳಲ್ಲಿ ಸ್ಫುಟವಾಗಿ ಕುಣಿಯುತ್ತಿದ್ದ ರೇಖೆಯನ್ನು ಎಡ್ಲರರು ಎಡ ಹೃತ್ಕರ್ಣದ ಮುಂಭಿತ್ತಿಯೆಂದು ಬಗೆದಿದ್ದರೆಂಬುದು. ಆ ಗ್ರಹಿಕೆ ನಿಲ್ಲಲಿಲ್ಲ. ಅದನ್ನು ಕೆಡವಿದವರೂ ಅವರೇ. ಮರಣಾಸನ್ನರಾದ ರೋಗಿಗಳ ಎದೆಯ ಮೇಲೆ ಧ್ವನಿಕಿರಣ ಹೊಕ್ಕ ಸ್ಥಳವನ್ನೂ ದಿಕ್ಕನ್ನೂ ಗುರುತುಮಾಡಿಟ್ಟುಕೊಂಡು, ಅವರು ಗತಿಸಿದ ಮೇಲೆ ಅದೇ ದಿಕ್ಕಿನಲ್ಲಿ ಮಂಜುಗಡ್ಡೆ ಒಡೆಯುವ ಮೊನಚು ಸಲಾಕೆಯನ್ನು ಇಳಿಸಿ, ಶವಪರೀಕ್ಷೆಯಲ್ಲಿ ಅದರ ಮೊನೆ ಎಲ್ಲಿ ನಿಂತಿದೆಯೆಂದು ನೋಡಿದಾಗ, ಅದು ನಿಂತಿದ್ದದ್ದು ಮೈಟ್ರಲ್ ಕವಾಟದ ಮುಂದಿನ ಎಸಳಿನಲ್ಲಿ. ಪರದೆಯ ಮೇಲೆ ಕಂಡದ್ದು ಯಾವುದೆಂದು ನಿರ್ಣಯಿಸಲು ಪರದೆಯೇ ಸಾಲದು, ದೇಹದಲ್ಲಿಯೇ ಸಾಕ್ಷ್ಯವಿರಬೇಕು ಎಂಬ ಈ ಕಠೋರ ನಿಷ್ಠೆಯನ್ನು ನಾನು ಬಹುವಾಗಿ ಗೌರವಿಸುತ್ತೇನೆ. ಅವರ ಉತ್ತರಾಧಿಕಾರಿಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲವೆಂದು ಹೇಳಲು ಸಂಕೋಚವೂ ಇಲ್ಲ.

ಅದೇ ಎಸಳು ಎರಡನೆಯ ಬಾರಿ ವಿದ್ವಾಂಸರನ್ನು ಕಾಡಿದ್ದು 1981ರಲ್ಲಿ. ಕೌವೆನ್‌ಹೋವೆನ್, ಜೂಡ್, ನಿಕ್ಕರ್‌ಬಾಕರ್ ಎಂಬ ಮೂವರು 1960ರಲ್ಲಿ ಎದೆ ಒತ್ತುವ ಕ್ರಮವನ್ನು ಪ್ರಕಟಿಸಿದಾಗ, ಎದೆಮೂಳೆಗೂ ಬೆನ್ನೆಲುಬಿಗೂ ನಡುವೆ ಹೃದಯ ಹಿಂಡಲ್ಪಟ್ಟು ರಕ್ತ ಹರಿಯುತ್ತದೆಂದು ಎಣಿಸಲಾಗಿತ್ತು. ವರ್ನರ್ ಮತ್ತು ಸಂಗಡಿಗರು ಸಿಪಿಆರ್ ನಡೆಯುತ್ತಿರುವಾಗಲೇ ಎಕೋ ಮಾಡಿ, ಒತ್ತುವ ಹೊತ್ತಿನಲ್ಲಿ ಮೈಟ್ರಲ್ ಕವಾಟ ತೆರೆದೇ ಇರುವುದನ್ನು ಕಂಡು, ಹೃದಯವು ಪಂಪಲ್ಲ, ಎದೆಗೂಡಿನ ಒತ್ತಡದಿಂದ ರಕ್ತ ಹಾದುಹೋಗುವ ಬರಿಯ ಕೊಳವೆ ಎಂಬ ವಾದಕ್ಕೆ ಬಲವಿತ್ತರು. 1993ರಲ್ಲಿ ರೆಡ್‌ಬರ್ಗ್ ಮತ್ತು ಸಂಗಡಿಗರು ಅನ್ನನಾಳದ ಮೂಲಕ ಪ್ರೋಬನ್ನಿಳಿಸಿ 20 ರೋಗಿಗಳನ್ನು ಪರೀಕ್ಷಿಸಿ, ಒತ್ತಿದಾಗ ಕವಾಟ ಮುಚ್ಚುತ್ತದೆಂದು, ಎಂದರೆ ಹೃದಯ ಪಂಪೇ ಹೌದೆಂದು, ಪ್ರತಿವಾದ ಹೂಡಿದರು. ಈ ವ್ಯಾಜ್ಯದಲ್ಲಿ ಯಾರು ಗೆದ್ದರೆಂಬುದು ನಮಗೆ ಮುಖ್ಯವಲ್ಲ. ಕವಾಟ ಚಲಿಸಿದ್ದು ತನ್ನ ಸ್ನಾಯುಬಲದಿಂದಲ್ಲ, ಹೊರಗಿನ ಕೈಯಿಂದ. ಚಲನೆ ಕಂಡಿತೆಂದ ಮಾತ್ರಕ್ಕೆ ಹೃದಯ ಚಲಿಸಿತೆಂದಾಗುವುದಿಲ್ಲ ಎಂಬ ಅಂಶ ಎರಡು ಪಕ್ಷಕ್ಕೂ ತಿಳಿದಿತ್ತು. ಇದು 2001ರ ಹೊತ್ತಿಗೆ ಮರೆತುಹೋಗಿತ್ತು.

ಮರೆತದ್ದು ಇಷ್ಟೇ ಅಲ್ಲ. 1988ರಲ್ಲಿ ಬೋಕಾ, ಓವರ್‌ಟನ್, ಹೌಸರ್ ಎಂಬವರು ಮಾನಿಟರಿನಲ್ಲಿ ಲಯವಿದ್ದೂ ನಾಡಿ ಸಿಕ್ಕದ 22 ರೋಗಿಗಳಿಗೆ ಎಕೋ ಮಾಡಿ, 19 ಮಂದಿಯಲ್ಲಿ ಹೃದಯದ ಗೋಡೆ ಲಯಕ್ಕನುಸಾರವಾಗಿ ಮಿಡಿಯುತ್ತಿದ್ದುದನ್ನು ವರದಿಮಾಡಿದ್ದರು. 1992ರಲ್ಲಿ ಪ್ಯಾರಾಡಿಸ್ ಮತ್ತು ಸಂಗಡಿಗರು ಮಹಾಪಧಮನಿಯೊಳಗೇ ಒತ್ತಡವನ್ನಳೆದು, ಇಂಥ 94 ರೋಗಿಗಳಲ್ಲಿ ಶೇಕಡಾ 41ರಷ್ಟು ಮಂದಿಗೆ ಬೆರಳಿಗೆ ಸಿಕ್ಕದ ನಾಡಿ ಇದ್ದೇ ಇತ್ತೆಂದು ತೋರಿಸಿದರು. ನಾಡಿ ಹಿಡಿಯುವ ಬೆರಳು ಸೋತಲ್ಲಿ ಯಂತ್ರ ಗೆಲ್ಲಬಲ್ಲದೆಂಬುದು ಇಲ್ಲಿನ ಪಾಠ: ಸತ್ತನೆಂದು ಭಾವಿಸಲ್ಪಟ್ಟವನಲ್ಲಿ ಜೀವವನ್ನು ಕಾಣುವುದು. ಹದಿಮೂರು ವರ್ಷಗಳಲ್ಲಿ ಅದೇ ಯಂತ್ರ ಜೀವವಿಲ್ಲವೆಂದು ತೀರ್ಪು ಕೊಡುವ ಪೀಠಕ್ಕೇರಿತು. ಬೋಕಾ ಪ್ರಬಂಧವನ್ನು ಇಂದು ಓದುವವರು ವಿರಳ. ರೋಗಿಗಳ ಸಂಖ್ಯೆ ಚಿಕ್ಕದೆಂದು ಮೂಗು ಮುರಿಯುವವರಿಗೆ, ವರ್ನರರ ರೋಗಿಗಳು ಇನ್ನೂ ಕೆಲವರೇ ಎಂಬುದು ನೆನಪಿಗೆ ಬಾರದು.

ಈಗ 136ರ ಸಂಗತಿ. ಇದನ್ನು ತೂಗಿನೋಡಲು ತಕ್ಕ ಪ್ರತಿಸಾಕ್ಷ್ಯ ದೊರೆತದ್ದು 2016ರಲ್ಲಿ. ಗ್ಯಾಸ್ಪರಿ ಮತ್ತು ಸಂಗಡಿಗರು ಅಮೆರಿಕ ಮತ್ತು ಕೆನಡಾದ 20 ಆಸ್ಪತ್ರೆಗಳಿಂದ, ಷಾಕ್ ಕೊಡಲು ಬಾರದ ಲಯವುಳ್ಳ 793 ರೋಗಿಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. 263 ಮಂದಿಯ ಹೃದಯದಲ್ಲಿ ಚಲನೆ ಕಂಡಿತು, 530 ಮಂದಿಯಲ್ಲಿ ಕಾಣಲಿಲ್ಲ. ಚಲನೆಯಿದ್ದವರಲ್ಲಿ ಶೇ. 3.8 ಮಂದಿ ಗುಣಹೊಂದಿ ಮನೆಗೆ ಹೋದರೆ, ನಿಶ್ಚಲರಲ್ಲಿ ಹಾಗೆ ಹೋದವರು ಶೇ. 0.6, ಎಂದರೆ ಮೂವರು. ಸೂತ್ರದ ಪಕ್ಷಪಾತಿಗಳು ಈ ಮೂವರನ್ನು ಅಪವಾದವೆಂದು ಬದಿಗೊತ್ತಿ, ಮೂಲ ನಿಯಮ ದೃಢಪಟ್ಟಿತೆಂದು ಸಂತೋಷಪಟ್ಟರು. ಇಲ್ಲಿಯೇ ನನ್ನ ಆಕ್ಷೇಪ. 2001ರ ಪ್ರಬಂಧ ಎಣಿಸಿದ್ದು ತುರ್ತು ವಿಭಾಗವನ್ನು ಜೀವಂತವಾಗಿ ದಾಟಿದವರನ್ನು. ಆಸ್ಪತ್ರೆಯಿಂದ ಮನೆಗೆ ಹೋದವರನ್ನಲ್ಲ. ಆದುದರಿಂದ 2016ರ ಅಧ್ಯಯನದಲ್ಲಿ ಅದಕ್ಕೆ ಸರಿದೊರೆಯಾದ ಅಂಕಿ ಬೇರೆಯದು: ಒಳರೋಗಿಗಳಾಗಿ ದಾಖಲಾಗುವವರೆಗೆ ಬದುಕಿದವರು. ನಿಶ್ಚಲರೆನಿಸಿಕೊಂಡ 530 ಮಂದಿಯಲ್ಲಿ ಅಂಥವರು ಶೇ. 7.2, ಸುಮಾರು 38 ಮಂದಿ. ಇದೇ ಪ್ರಮಾಣ 2001ರ 136 ಮಂದಿಗೂ ಸಲ್ಲುವುದಾದರೆ ಒಂಬತ್ತು ಹತ್ತು ಮಂದಿಯಾದರೂ ತುರ್ತು ವಿಭಾಗವನ್ನು ದಾಟಬೇಕಾಗಿತ್ತು. ಸೊನ್ನೆಯೆಂಬುದು ಕೇವಲ ಆಕಸ್ಮಿಕವೆನ್ನಲೂ ಬಾರದು. ಸಂಖ್ಯಾಶಾಸ್ತ್ರಜ್ಞರ ಸ್ಥೂಲಗಣನೆಯಂತೆ 136ರಲ್ಲಿ ಸೊನ್ನೆ ಬಂದಲ್ಲಿ ನಿಜವಾದ ಪ್ರಮಾಣ ಶೇ. 2.2ರವರೆಗೆ ಇರಬಹುದು, ಏಳರವರೆಗೆ ಏರಲಾರದು. ಹದಿನೈದು ವರ್ಷಗಳಲ್ಲಿ ಚಿಕಿತ್ಸೆ ಸುಧಾರಿಸಿತೆಂದು ಒಪ್ಪೋಣ. ರೋಗಿಸಮುದಾಯಗಳು ಭಿನ್ನವೆಂದೂ ಒಪ್ಪೋಣ. ಆದರೂ ಅಂತರದ ಒಂದು ಪಾಲು ಉಳಿದೇ ಉಳಿಯುತ್ತದೆ.

ಉಳಿಯುವ ಆ ಪಾಲಿಗೆ ಎರಡು ಕಾರಣಗಳನ್ನು ಊಹಿಸಬಹುದು. ಒಂದು, ಎದೆ ಒತ್ತುತ್ತಿದ್ದ ಕೈಗಳು ಪರದೆಯನ್ನು ನೋಡಿ ನಿಂತದ್ದು. ಇಂಥ ಅಧ್ಯಯನಗಳಲ್ಲಿ ಎಕೋ ನೋಡುವ ಕಣ್ಣಿಗೂ ಚಿಕಿತ್ಸೆ ನಡೆಸುವ ಕೈಗೂ ನಡುವೆ ತೆರೆ ಇರಲಿಲ್ಲ. ಹೃದಯ ನಿಂತಿದೆ ಎಂದು ಕಂಡೊಡನೆ ಪ್ರಯತ್ನವೂ ನಿಂತರೆ, ಸಾವು ಎಕೋದ ಭವಿಷ್ಯವಾಣಿಯನ್ನು ನಿಜಪಡಿಸುತ್ತದೋ, ಭವಿಷ್ಯವಾಣಿಯೇ ಸಾವನ್ನು ಬರಮಾಡುತ್ತದೋ ಹೇಳುವವರಾರು? 2020ರಲ್ಲಿ ರೆನಾಲ್ಡ್ಸ್ ಮತ್ತು ಸಂಗಡಿಗರು ಈ ಸಾಹಿತ್ಯವನ್ನೆಲ್ಲ ಜಾಲಿಸಿ, ಚಿಕಿತ್ಸೆ ನಿಲ್ಲಿಸಲು ಏಕೈಕ ಆಧಾರವಾಗಬಲ್ಲ ಎಕೋ ಲಕ್ಷಣ ಒಂದೂ ಇಲ್ಲವೆಂದು ತೀರ್ಮಾನಿಸಿದ್ದು ಬಹುಮಟ್ಟಿಗೆ ಈ ದೋಷದ ಕಾರಣದಿಂದಲೇ.

ಎರಡನೆಯ ಕಾರಣ ನಮ್ಮ ಹಳೆಯ ಎಸಳು. ಅಂಬು ಬ್ಯಾಗನ್ನು ಅಮುಕಿ ಗಾಳಿ ತುಂಬಿದಾಗ, ಸಂಕೋಚಿಸದ ಹೃದಯದಲ್ಲಿಯೂ ಮೈಟ್ರಲ್ ಕವಾಟ ಬಾಗಿಲ ಪರದೆಯಂತೆ ಒಮ್ಮೆ ಅಲುಗಬಹುದು. ಇದು ಚಲನೆಯೇ? ಗ್ಯಾಸ್ಪರಿಯವರು ಸ್ನಾಯುವಿನ ಚಲನೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರು. ಕವಾಟ ಮಾತ್ರ ಅಲುಗಿದರೆ ಎಣಿಸಲಿಲ್ಲ. ಎಲ್ಲರೂ ಹಾಗೆ ಎಣಿಸುವವರಲ್ಲ; ಎಣಿಕೆ ಬೇರೆಯಾದರೆ ನಿಶ್ಚಲರೆನಿಸುವವರ ಗುಂಪೂ ಬೇರೆಯಾಗುತ್ತದೆ. 2017ರಲ್ಲಿ ಹು ಮತ್ತು ಸಂಗಡಿಗರು ಸಿಪಿಆರ್ ವೇಳೆಯ 15 ಎಕೋ ತುಣುಕುಗಳನ್ನು 127 ವೈದ್ಯರಿಗೆ ತೋರಿಸಿ, ಹೃದಯ ನಿಶ್ಚಲವೋ ಅಲ್ಲವೋ ಹೇಳಿರೆಂದು ಕೇಳಿದರು. ಉತ್ತರಗಳ ಸಾಮ್ಯ 0.47. ಸೊನ್ನೆಯೆಂದರೆ ಕೇವಲ ಆಕಸ್ಮಿಕ ಹೊಂದಿಕೆ, ಒಂದೆಂದರೆ ಪೂರ್ಣ ಸಮ್ಮತಿ ಎಂದಿರುವ ಮಾಪನದಲ್ಲಿ ಇದು ನಡುದಾರಿಯನ್ನೂ ಮುಟ್ಟಲಿಲ್ಲ. ಎಡ್ಲರರು ಒಂದು ರೇಖೆಯ ಹೆಸರನ್ನು ತಿದ್ದಲು ಶವಾಗಾರದವರೆಗೆ ಹೋದರು. ಇಲ್ಲಿ ವೈದ್ಯರು ಪರಸ್ಪರ ಒಪ್ಪದ ಒಂದು ಲಕ್ಷಣದ ಮೇಲೆ ಮನುಷ್ಯನ ಕೊನೆಯನ್ನು ಗೊತ್ತುಮಾಡಬೇಕೆಂಬ ಸೂತ್ರ ಕಟ್ಟಲಾಗಿದೆ.

ಹಾಗೆಂದು ಎಕೋವನ್ನೇ ಬಿಡಬೇಕೆಂಬವರ ಪಕ್ಷ ನನ್ನದಲ್ಲ. ಹೃದಯದ ಸುತ್ತಣ ಚೀಲದಲ್ಲಿ ದ್ರವ ತುಂಬಿ ಹೃದಯ ಅದುಮಿಹೋದವರಲ್ಲಿ, ಸೂಜಿಯಿಂದ ಅದನ್ನು ತೆಗೆದಾಗ ಮನೆಗೆ ಹೋದವರ ಪ್ರಮಾಣ ಅದೇ 2016ರ ಅಧ್ಯಯನದಲ್ಲಿ ಶೇ. 15.4; ಆ ದ್ರವವನ್ನು ಎಕೋ ಇಲ್ಲದೆ ಕಾಣುವುದು ದುಸ್ತರ. ವಿರೋಧಿಗಳು ಎತ್ತುವ ಇನ್ನೊಂದು ಮಾತಿನಲ್ಲಿ ಹುರುಳಿದೆ: 2017ರ ಒಂದು ಅಧ್ಯಯನದಲ್ಲಿ ಎಕೋ ಮಾಡಿದಾಗ ಎದೆ ಒತ್ತುವುದು ನಿಂತ ಅವಧಿಯ ಸರಾಸರಿ 21 ಸೆಕೆಂಡು, ಮಾಡದಿದ್ದಾಗ 13, ನಿಯಮ ಅನುಮತಿಸುವುದು ಹತ್ತು. ಒತ್ತುತ್ತಿರುವಾಗಲೇ ಪ್ರೋಬನ್ನು ಎದೆಮೂಳೆಯ ಕೆಳಗೆ ಸಿದ್ಧವಾಗಿಟ್ಟು, ಬಿಡುವಿನಲ್ಲಿ ಚಿತ್ರವನ್ನು ದಾಖಲಿಸಿ, ಮತ್ತೆ ಒತ್ತತೊಡಗಿದ ಮೇಲೆ ಅರ್ಥೈಸುವುದು ಇದಕ್ಕೆ ಪರಿಹಾರ. ಈ ಸರಳ ಉಪದೇಶವನ್ನು ಹೊಸ ಹೊಸ ಆದ್ಯಕ್ಷರಗಳ ಹೆಸರಿಟ್ಟು ಒಂದೊಂದು ಪಂಥವನ್ನಾಗಿಸುವ ಪಾಶ್ಚಾತ್ಯ ಉತ್ಸಾಹ ನನಗೆ ರುಚಿಸದು. ಅಮೆರಿಕದ ಹೃದಯಸಂಘದವರೂ 2020ರ ಮಾರ್ಗಸೂಚಿಯಲ್ಲಿ, ಸಿಪಿಆರ್ ನಡುವೆ ರೋಗಿಯ ಉಳಿವನ್ನು ನಿರ್ಣಯಿಸಲು ಎಕೋವನ್ನು ಬಳಸಕೂಡದೆಂದು ಹೇಳಿ, ಕಾರಣ ಹುಡುಕಲು ಬಳಸುವುದಕ್ಕೆ ಎಡೆಗೊಟ್ಟಿದ್ದಾರೆ.

ಇದೆಲ್ಲ ದೂರದ ವ್ಯಾಜ್ಯವೆಂದು ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ ಕುಳಿತು ಬರೆಯುವವನಿಗೆ ಅನ್ನಿಸುವುದಿಲ್ಲ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡ ಬಳಿಕ ಹೃದಯಸ್ತಂಭನ ನಮ್ಮಲ್ಲಿ ಮನೆಮಾತಾಯಿತು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯೂ ಬಂತು. ಅದರಂತೆ ಸಾರ್ವಜನಿಕ ಸ್ಥಳದಲ್ಲಿಡುವ ಷಾಕ್ ಯಂತ್ರ ಹೃದಯ ಕಂಪಿಸುತ್ತಿದ್ದರೆ ಮಾತ್ರ ಪ್ರಯೋಜನಕ್ಕೆ ಬರುತ್ತದೆ; ಉಲ್ಲಾಳದ ಕಡೆಯಿಂದಲೋ ಕೊಮ್ಮಘಟ್ಟದ ಕಡೆಯಿಂದಲೋ ಮೈಸೂರು ರಸ್ತೆಯ ವಾಹನಸಂದಣಿಯನ್ನು ಭೇದಿಸಿ ಕ್ಯಾಶುವಾಲ್ಟಿ ಮುಟ್ಟುವ ರೋಗಿಯಲ್ಲಿ ಆ ಕಂಪನ ಅಷ್ಟರೊಳಗೆ ಆರಿಹೋಗಿರುವ ಸಂಭವವೇ ಹೆಚ್ಚು. ಆಗ ಎದುರಿಗಿರುವವನು ಗ್ಯಾಸ್ಪರಿಯವರ 793ರಂಥವನೇ. ಇನ್ನು ಯಂತ್ರದ ಮಾತು: ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯಡಿ ಸ್ಕ್ಯಾನಿಂಗ್ ಯಂತ್ರಗಳು ನೋಂದಾಯಿತವಾಗಬೇಕು, 2012ರ ನಿಯಮದಂತೆ ಕೈಯಲ್ಲೊಯ್ಯುವ ಯಂತ್ರವನ್ನು ನೋಂದಾಯಿತ ಆವರಣದ ಒಳರೋಗಿಗಳಿಗೆ ಅಥವಾ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ ಮಾತ್ರ ಬಳಸಬಹುದು. ಕಾಯ್ದೆಯ ಉದ್ದೇಶ ಪ್ರಶ್ನಾತೀತ. ಆದರೆ ಪರಿಣಾಮವಾಗಿ ನಮ್ಮಲ್ಲಿ ಈ ಪರೀಕ್ಷೆ ಬಹುತೇಕ ಆಸ್ಪತ್ರೆಯ ನಾಲ್ಕು ಗೋಡೆಗಳೊಳಗೇ ನಡೆಯಬೇಕಾಗಿದೆ, ದಾಖಲೆಯೂ ಅಲ್ಲಿಯೇ ಉಳಿಯಬೇಕಾಗಿದೆ.

ಆದುದರಿಂದ ಮೈಸೂರು ರಸ್ತೆಯ ಇಕ್ಕೆಲದ ಆಸ್ಪತ್ರೆಗಳ ತುರ್ತು ವಿಭಾಗದವರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಕೇಸ್‌ಶೀಟಿನಲ್ಲಿ ‘ಹೃದಯ ನಿಶ್ಚಲ’ ಎಂದು ಒಂದೇ ಮಾತು ಬರೆದು ಮುಗಿಸಬೇಡಿರಿ, ಸ್ನಾಯು ಅಲುಗಿತೇ ಕವಾಟ ಅಲುಗಿತೇ ಎಂಬುದನ್ನೂ, ಅದನ್ನು ನೋಡಿದ ಸಮಯವನ್ನೂ, ಎದೆ ಒತ್ತುವುದನ್ನು ನಿಲ್ಲಿಸಿದ ಸಮಯವನ್ನೂ ಬೇರೆ ಬೇರೆ ಅಂಕಣಗಳಲ್ಲಿ ಬರೆದಿಡಿರಿ. ಎಕೋ ತುಣುಕನ್ನು ಅಳಿಸಬೇಡಿರಿ.