ವಿಂಚೆಸ್ಟರ್ 1895 (.405 ಬೇಟೆ ಕೋವಿ)

ಅಮೆರಿಕದ ನ್ಯೂ ಹೇವನ್‌ನ ವಿಂಚೆಸ್ಟರ್ ಕಂಪನಿ ತಯಾರಿಸುತ್ತಿದ್ದ, 1940ರ ಹೊತ್ತಿಗೆ ತಯಾರಿಕೆ ನಿಂತುಹೋದ ಬೇಟೆ ರೈಫಲ್. ಇದನ್ನು ರೂಪಿಸಿದವನು ಜಾನ್ ಮೋಸಸ್ ಬ್ರೌನಿಂಗ್. ಕನ್ನಡ ಓದುಗರಿಗೆ ಇದರ ಪರಿಚಯವಾದದ್ದು ನರಭಕ್ಷಕಗಳ ಬೇಟೆಗಾರ ಕೆನೆತ್ ಆ್ಯಂಡರ್ಸನ್‌ನ (1910–1974) ಕೋವಿಯಾಗಿ.

ವಿಂಚೆಸ್ಟರ್‌ನ ಹಿಂದಿನ ಕೋವಿಗಳಲ್ಲಿ ನಳಿಗೆಯ ಕೆಳಗಿನ ಕೊಳವೆಯೊಳಗೆ ತೋಟಾಗಳು ಒಂದರ ಹಿಂದೆ ಒಂದು ಕೂರುತ್ತಿದ್ದವು. ಚೂಪು ಮೂತಿಯ ಗುಂಡು ಹಾಕಿದರೆ ಅದು ಮುಂದಿನ ತೋಟಾದ ಬುಡಕ್ಕೆ ತಾಗಿ ಒಳಗೇ ಸಿಡಿಯುವ ಅಪಾಯವಿತ್ತು. ಬ್ರೌನಿಂಗ್ ಕೊಳವೆಯನ್ನು ಬಿಟ್ಟು, ಕುದುರೆಯ (ಟ್ರಿಗರ್‌ನ) ಮುಂದೆ ಪೆಟ್ಟಿಗೆಯಂಥ ಮ್ಯಾಗಜೀನ್ ಇಟ್ಟು, ತೋಟಾಗಳು ಒಂದರ ಮೇಲೊಂದು ಕೂರುವಂತೆ ಮಾಡಿದ. ಅದರಿಂದ ಚೂಪು ಗುಂಡಿಗೂ ಹೆಚ್ಚು ಬಲದ ತೋಟಾಗಳಿಗೂ ದಾರಿಯಾಯಿತು. ಒಟ್ಟು ತಯಾರಾದ ಸುಮಾರು 4,25,000 ಕೋವಿಗಳಲ್ಲಿ ಮೂರು ಲಕ್ಷದ ಹತ್ತಿರದಷ್ಟು ಮೊದಲ ಮಹಾಯುದ್ಧದ ಕಾಲದಲ್ಲಿ ರಷ್ಯಾದ ಸೇನೆಗೆ ಹೋದವು.

ಬೇಟೆಗಾರರ ಬಾಯಲ್ಲಿ ಉಳಿದದ್ದು ಮಾತ್ರ 1904ರಲ್ಲಿ ಬಂದ .405 ಬೋರಿನ ಕೋವಿ. ಮುನ್ನೂರು ಗ್ರೇನ್ ತೂಕದ ಅದರ ಗುಂಡು ಸೆಕೆಂಡಿಗೆ 2,200 ಅಡಿ ವೇಗದಲ್ಲಿ ಹೊರಡುತ್ತಿತ್ತು. ಥಿಯೋಡೋರ್ ರೂಸ್‌ವೆಲ್ಟ್ 1909ರ ಆಫ್ರಿಕಾ ಬೇಟೆಯಲ್ಲಿ ಸಿಂಹಗಳಿಗೆ ಇದನ್ನೇ ಮೆಚ್ಚಿದ್ದ. ಭುಜಕ್ಕೆ ಒದೆತವೂ ಅಷ್ಟೇ ಬಿರುಸು. ಆದರೂ ಕುದುರೆಯ ಸುತ್ತಲಿನ ಸನ್ನೆಯನ್ನು ಕೆಳಗೆ ಎಳೆದು ಮೇಲೆತ್ತಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ನಳಿಗೆ ಸೇರುತ್ತದೆ. ಗುರಿಯಿಂದ ಕಣ್ಣು ತೆಗೆಯಬೇಕಿಲ್ಲ. ಗಾಯಗೊಂಡ ಚಿರತೆ ಪೊದೆಯಿಂದ ನುಗ್ಗಿ ಬಂದಾಗ ಎರಡನೇ ಈಡಿಗೆ ಸಿಗುವುದು ಒಂದೆರಡು ಕ್ಷಣ. ಈ ಕೋವಿಯ ನಿಜವಾದ ಬೆಲೆ ಅಲ್ಲಿದೆ. ರಾಜಮಹಾರಾಜರು ಇಂಗ್ಲೆಂಡಿನಿಂದ ತರಿಸುತ್ತಿದ್ದ ಜೋಡುನಳಿಗೆಯ ದುಬಾರಿ ರೈಫಲ್‌ಗಳ ಮುಂದೆ ಇದು ನೌಕರಿ ಮಾಡಿ ಬದುಕುವವನ ಕೈಗೂ ಎಟುಕುವಂಥದ್ದು.

ಆ್ಯಂಡರ್ಸನ್ ಅಂಥ ನೌಕರನೇ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದವನು. ಅವನು ಹುಟ್ಟಿದ್ದು ಸಿಕಂದರಾಬಾದಿನ ಬಳಿಯ ಬೊಲಾರಂ ದಂಡಿನಲ್ಲಿ. ಅವನು ಹೆಚ್ಚಾಗಿ ಅಲೆದದ್ದು ದಕ್ಷಿಣದ ಕಾಡುಗಳಲ್ಲಿ. ಕೋವಿಗೆ ಟಾರ್ಚ್ ಬಿಗಿದು ಮಚಾನಿನ ಮೇಲೆ ರಾತ್ರಿಯೆಲ್ಲ ಕಾಯುತ್ತಿದ್ದ. ಅವನ ಮೊದಲ ಪುಸ್ತಕ 1954ರಲ್ಲಿ ಪ್ರಕಟವಾಯಿತು. ಪೂರ್ಣಚಂದ್ರ ತೇಜಸ್ವಿಯವರು ಅವನ ಅನುಭವಗಳನ್ನು ‘ಕಾಡಿನ ಕಥೆಗಳು’ ಮಾಲಿಕೆಯಲ್ಲಿ ಕನ್ನಡಕ್ಕೆ ತಂದರು. ಕೋವಿಯನ್ನೇ ಮುಟ್ಟದ ಹುಡುಗರೂ ಅದರ ಹೆಸರು ಬಲ್ಲವರಾದದ್ದು ಆ ಪುಸ್ತಕಗಳಿಂದ. .405ಕ್ಕೆ ನಮ್ಮಲ್ಲಿರುವ ಕೀರ್ತಿಯಲ್ಲಿ ಬ್ರೌನಿಂಗ್‌ನ ಜಾಣ್ಮೆಗಿಂತ ಈ ಇಬ್ಬರು ಕಥೆಗಾರರ ಪಾಲೇ ದೊಡ್ಡದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಭಾರತದಲ್ಲಿ ಹವ್ಯಾಸಿ ಬೇಟೆಯ ಕಾಲವನ್ನು ಮುಗಿಸಿತು. ಅದು ಬರಬೇಕಾಗಿದ್ದ ಕಾಯ್ದೆ. ಇನ್ನೂ ತಡವಾಗಿದ್ದರೆ ಹುಲಿ ಉಳಿಯುವುದು ಅನುಮಾನವಿತ್ತು. ಹೊರದೇಶಗಳಲ್ಲಿ ಹಳೆಯ 1895ಗಳು ಇಂದು ಸಂಗ್ರಾಹಕರ ಸೊತ್ತು. ಜಪಾನಿನ ಮಿರೋಕು ಕಾರ್ಖಾನೆ ವಿಂಚೆಸ್ಟರ್ ಹೆಸರಿನಲ್ಲೇ ಇದರ ಹೊಸ ಪ್ರತಿಗಳನ್ನು, .405 ಬೋರಿನವನ್ನೂ ಸೇರಿಸಿ, ತಯಾರಿಸಿದೆ.